ಬೆಳಿಗ್ಗೆ ಕುಳಿ, ಮಧ್ಯಾಹ್ನ ಕಡಲು, ಸಂಜೆ ಮತ್ತೆ ಕುಳಿ: ಹವಾಯಿಯ ಜ್ವಾಲಾಮುಖಿ ಉದ್ಯಾನದಲ್ಲಿ ಒಂದು ದಿನ

ಮೊದಲ ಸಲ ಹೋದಾಗ ಮಾಡಬಾರದ್ದನ್ನೆಲ್ಲ ಮಾಡಿದ್ದೆ. ಹಿಲೋ ಪಟ್ಟಣದ ಹೋಟೆಲ್‌ನಲ್ಲಿ ಆರಾಮಾಗಿ ತಿಂಡಿ ತಿಂದು ಹನ್ನೊಂದಕ್ಕೆ ಉದ್ಯಾನದ ಗೇಟು ಮುಟ್ಟಿದೆ. ಮೈಮೇಲೆ ಟೀ ಶರ್ಟು, ಕಾಲಲ್ಲಿ ಚಪ್ಪಲಿ, ಕಾರಲ್ಲಿ ಕಾಲು ಟ್ಯಾಂಕ್ ಪೆಟ್ರೋಲು. ಲಾವಾ ಸುರಂಗದ ಹತ್ತಿರ ಕಾರು ನಿಲ್ಲಿಸಲು ಜಾಗವಿಲ್ಲದೆ ಮೂರು ಸುತ್ತು ಹಾಕಿದೆ. ಕುಳಿಯ ಅಂಚಿಗೆ ಬರುವಷ್ಟರಲ್ಲಿ ಮಂಜು ಕವಿದು ಮಳೆ ಹಿಡಿಯಿತು. ಕೆಂಪು ಲಾವಾ ಹಾಗಿರಲಿ, ಕುಳಿಯೇ ಕಾಣಲಿಲ್ಲ. ಕಡಲ ಕಡೆ ಇಳಿಯೋಣವೆಂದರೆ ಪೆಟ್ರೋಲ್ ಮುಳ್ಳು ಹೆದರಿಸಿತು. ಮೂರು ಗಂಟೆಗೆಲ್ಲ ನಡುಗುತ್ತಾ ವಾಪಸ್ಸಾದೆ.

ಎರಡನೆಯ ಸಲ ವಿಜಯಪುರದಿಂದ ಬಂದಿದ್ದ ಅಪ್ಪ, ಅವ್ವ ಜೊತೆಗಿದ್ದರು. ಆ ಹೊತ್ತಿಗೆ ಬುದ್ಧಿ ಬಂದಿತ್ತು. ಈ ಉದ್ಯಾನದಲ್ಲಿ ಏನು ನೋಡಬೇಕು ಅನ್ನುವುದಕ್ಕಿಂತ ಯಾವುದನ್ನು ಎಷ್ಟು ಹೊತ್ತಿಗೆ ನೋಡಬೇಕು ಅನ್ನುವುದೇ ಮುಖ್ಯ. ಬೆಳಿಗ್ಗೆ ಬೇಗ ಮೇಲಿನ ಕುಳಿಗಳು, ಮಧ್ಯಾಹ್ನ ಕೆಳಗೆ ಸಮುದ್ರ, ಕತ್ತಲಾಗುವ ಹೊತ್ತಿಗೆ ಮತ್ತೆ ಮೇಲೆ. ಈ ಒಂದು ಕ್ರಮ ಹಿಡಿದರೆ ಜನಜಂಗುಳಿ, ಬಿಸಿಲು, ಮಂಜು ಮೂರನ್ನೂ ಅರ್ಧಕ್ಕರ್ಧ ತಪ್ಪಿಸಿಕೊಳ್ಳಬಹುದು. ಉಳಿದ ಅರ್ಧ ಅದೃಷ್ಟ.

ಟಿಕೆಟ್ ತೆಗೆಯುವ ಮುಂಚೆ: ಯಾವ ದ್ವೀಪ?

ನಗಬೇಡಿ, ನನ್ನ ಗೆಳೆಯರಲ್ಲೇ ಇಬ್ಬರು ಈ ತಪ್ಪು ಮಾಡಿದ್ದಾರೆ. ಹೊನೊಲುಲುವಿನ ವೈಕೀಕಿ ಬೀಚಿನಲ್ಲಿ ಐದು ದಿನ ರೂಮು ಬುಕ್ ಮಾಡಿ, 'ಜ್ವಾಲಾಮುಖಿಗೆ ಒಂದು ದಿನ ಕಾರಲ್ಲಿ ಹೋಗಿ ಬರ್ತೀವಿ' ಅಂದರು. ಹೊನೊಲುಲು ಇರುವುದು ಒವಾಹು ದ್ವೀಪದಲ್ಲಿ. ಜ್ವಾಲಾಮುಖಿ ಉದ್ಯಾನ ಇರುವುದು 'ಬಿಗ್ ಐಲೆಂಡ್' ಎಂದು ಕರೆಯುವ ಹವಾಯಿ ದ್ವೀಪದಲ್ಲಿ. ನಡುವೆ ಸಮುದ್ರ. ಹೊನೊಲುಲುವಿನಿಂದ ಹಿಲೋಗೆ ವಿಮಾನದಲ್ಲಿ ಒಂದು ಗಂಟೆಯೊಳಗಿನ ಹಾದಿ. ಬೆಳಗಿನ ವಿಮಾನದಲ್ಲಿ ಬಂದು ರಾತ್ರಿ ಹಿಂತಿರುಗುವವರೂ ಇದ್ದಾರೆ. ಆದರೆ ಹಾಗೆ ಬಂದರೆ ದಿನದ ಎರಡು ಒಳ್ಳೆಯ ಹೊತ್ತು, ಅಂದರೆ ಬೆಳಗು ಮತ್ತು ಮುಸ್ಸಂಜೆ, ಏರ್‌ಪೋರ್ಟಿನಲ್ಲೇ ಕಳೆದುಹೋಗುತ್ತವೆ.

ಹಿಲೋದಲ್ಲಿ ಅಥವಾ ಉದ್ಯಾನದ ಪಕ್ಕದ ವಾಲ್ಕೆನೋ ಎಂಬ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ. ಹಿಲೋದಿಂದ ಉದ್ಯಾನ 48 ಕಿಲೋಮೀಟರ್, 11ನೇ ನಂಬರ್ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ದ್ವೀಪದ ಇನ್ನೊಂದು ಬದಿಯ ಕೋನಾದಿಂದಾದರೆ ಎರಡು, ಎರಡೂವರೆ ಗಂಟೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವುದೇ ಸರಿ. ಉದ್ಯಾನದೊಳಗೆ ಒಂದು ಜಾಗದಿಂದ ಇನ್ನೊಂದಕ್ಕೆ ಕರೆದೊಯ್ಯುವ ಬಸ್ಸಿಲ್ಲ, ಮತ್ತು ಉದ್ಯಾನ ಮೂರು ಲಕ್ಷ ಎಕರೆಗೂ ಹೆಚ್ಚು ಹರಡಿದೆ. ಸಮುದ್ರದ ಮಟ್ಟದಿಂದ ಹಿಡಿದು 4,169 ಮೀಟರ್ ಎತ್ತರದ ಮೌನಾ ಲೋವಾ ತುದಿಯವರೆಗೂ ಅದರ ಗಡಿ ಇದೆ.

ಹಿಂದಿನ ರಾತ್ರಿ ಮಾಡುವ ಕೆಲಸ

ಲಾವಾ ಇವತ್ತು ಉಕ್ಕುತ್ತಿದೆಯೇ? ಎಲ್ಲರ ಮೊದಲ ಪ್ರಶ್ನೆ ಇದೇ. ಉತ್ತರ ಸಿಗುವುದು ಹವಾಯಿಯನ್ ವಾಲ್ಕೆನೋ ಅಬ್ಸರ್ವೇಟರಿಯ ದಿನದ ವರದಿಯಲ್ಲಿ. 1912ರಿಂದ ಈ ಬೆಟ್ಟಗಳ ನಾಡಿ ಹಿಡಿದು ಕೂತಿರುವ ಸಂಸ್ಥೆ ಅದು. ಕುಳಿಯ ಸುತ್ತ ಅವರ ನೇರ ಪ್ರಸಾರದ ಕ್ಯಾಮೆರಾಗಳಿವೆ, ಮೊಬೈಲಿನಲ್ಲೇ ನೋಡಬಹುದು. ಈ ಉದ್ಯಾನದ ಕಿಲವೇಯ ಜ್ವಾಲಾಮುಖಿಯಲ್ಲಿ 2024ರ ಡಿಸೆಂಬರ್ 23ರಂದು ಶುರುವಾದ ಸ್ಫೋಟ ಒಂದೇ ಸಮನೆ ಹರಿಯುವ ಜಾತಿಯದ್ದಲ್ಲ. ಕೆಲವು ಗಂಟೆ ಕಾರಂಜಿಯಂತೆ ಚಿಮ್ಮುವುದು, ಆಮೇಲೆ ಕೆಲವು ದಿನ ಅಥವಾ ವಾರ ಸುಮ್ಮನಿರುವುದು, ಮತ್ತೆ ಚಿಮ್ಮುವುದು. 2025ರಲ್ಲಿ ಹಲವು ಸಲ ಕಾರಂಜಿ 300 ಮೀಟರ್ ದಾಟಿತು. ಮುಂದಿನ ಸರದಿ ಯಾವಾಗ ಎಂದು ನೆಲ ಉಬ್ಬುವುದನ್ನು ಅಳೆದು ಅವರು ಅಂದಾಜು ಹೇಳುತ್ತಾರೆ. ನಿಮ್ಮ ರಜೆ ಆ ಅಂದಾಜಿನೊಳಗೆ ಬಿದ್ದರೆ ಮಿಕ್ಕ ಯೋಜನೆಯನ್ನೆಲ್ಲ ಬದಿಗಿಟ್ಟು ಓಡಿ. ಬೀಳದಿದ್ದರೂ ಹೋಗಿ. ಕೆಂಪು ಲಾವಾ ಕಾಣದಿದ್ದರೆ ದುಡ್ಡು ದಂಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆರಿದ ಕಲ್ಲು ಹೇಳುವಷ್ಟು ಕತೆಯನ್ನು ಉರಿಯುವ ಕಲ್ಲು ಹೇಳುವುದಿಲ್ಲ, ಅದನ್ನು ದೂರದಿಂದಷ್ಟೇ ನೋಡಬೇಕು.

ಒಂದು ಭ್ರಮೆ ಕಳಚಿಕೊಳ್ಳಿ: ಲಾವಾ ಕಡಲಿಗೆ ಸುರಿದು ಹಬೆ ಏಳುವ ಆ ಪ್ರಸಿದ್ಧ ಚಿತ್ರಗಳು 2018ರವರೆಗಿನವು. ಅದನ್ನೇ ನೋಡಲು ಹೋದವರು ಬರೀ ಕಡಲು ನೋಡಿಕೊಂಡು ಬರುತ್ತಾರೆ.

ಗಾಳಿಯ ವಿಷಯವನ್ನೂ ಅದೇ ರಾತ್ರಿ ನೋಡಿಕೊಳ್ಳಿ. ಜ್ವಾಲಾಮುಖಿಯಿಂದ ಬರುವ ಗಂಧಕದ ಹೊಗೆಗೆ ಅಲ್ಲಿಯವರು 'ವಾಗ್' ಎನ್ನುತ್ತಾರೆ. ದಮ್ಮು ಇರುವವರು, ಗರ್ಭಿಣಿಯರು, ಎಳೆ ಮಕ್ಕಳು, ಹೃದಯದ ತೊಂದರೆ ಇರುವ ಹಿರಿಯರು ಹೊಗೆ ಜೋರಿರುವ ದಿನ ಮೇಲೆ ಹೋಗದಿರುವುದೇ ಲೇಸು. ಅವ್ವನಿಗೆ ದಮ್ಮಿದೆ. ನಾವು ಒಂದು ದಿನ ಕಾದು, ಗಾಳಿ ತಿರುಗಿದ ಮೇಲೆ ಹೋದೆವು.

ಬಟ್ಟೆಯ ವಿಷಯಕ್ಕೆ ಒಂದೇ ಸುಳಿವು: ಕಿಲವೇಯದ ಅಂಚು ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಹೆಚ್ಚೂಕಡಿಮೆ ನಮ್ಮ ಮಡಿಕೇರಿಯಷ್ಟು. ಮಳೆಯೂ ಮಡಿಕೇರಿಯದ್ದೇ ಸ್ವಭಾವ, ಹೇಳದೆ ಕೇಳದೆ ಬರುತ್ತದೆ. 'ಹವಾಯಿ ಅಂದರೆ ಬೀಚು' ಎಂದು ಅರ್ಧ ಚಡ್ಡಿಯಲ್ಲಿ ಬಂದವರು ಹಲ್ಲು ಕಟಕಟ ಮಾಡುತ್ತಾ ನಿಂತಿರುವುದನ್ನು ಪ್ರತಿ ಸಲ ನೋಡುತ್ತೇನೆ. ಸ್ವೆಟರು, ಮಳೆ ಜಾಕೆಟ್ಟು, ಗಟ್ಟಿ ತಳದ ಬೂಟು, ಟೋಪಿ, ಟಾರ್ಚು, ತಲೆಗೆ ಎರಡು ಲೀಟರ್ ನೀರು. ಟ್ಯಾಂಕ್ ತುಂಬಾ ಪೆಟ್ರೋಲು ಹಾಕಿಸಿ, ಉದ್ಯಾನದೊಳಗೆ ಬಂಕ್ ಇಲ್ಲ.

ಊಟದ ಮಾತು. ಕುಳಿಯ ಅಂಚಿನ ಹೋಟೆಲಿನಲ್ಲಿ, ಪಕ್ಕದ ಊರಿನಲ್ಲಿ ತಿನ್ನಲು ಸಿಗುತ್ತದೆ. ಆದರೆ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ ಮತ್ತು ಕಾಯುವ ಹೊತ್ತು ಜಾಸ್ತಿ. ಅವ್ವ ಊರಿಂದ ಬರುವಾಗಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದಳು. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ, ಕೆಡುವುದಿಲ್ಲ, ಚೆಲ್ಲುವುದಿಲ್ಲ. ಹಸಿ ಹಣ್ಣು, ಕರಿಬೇವು ಮಾತ್ರ ಬ್ಯಾಗಿನಲ್ಲಿ ತುರುಕಬೇಡಿ. ಹವಾಯಿಗೆ ಬರುವಾಗ ಗಿಡ, ಸೊಪ್ಪು, ಹಣ್ಣುಗಳನ್ನು ಫಾರ್ಮಿನಲ್ಲಿ ಬರೆದು ತಿಳಿಸಬೇಕು, ಅಮೆರಿಕದ ಮುಖ್ಯ ಭೂಮಿಗೆ ಹಿಂತಿರುಗುವಾಗ ಬ್ಯಾಗನ್ನು ಕೃಷಿ ಇಲಾಖೆಯವರು ಮತ್ತೆ ತಪಾಸಣೆ ಮಾಡುತ್ತಾರೆ.

ಬೆಳಿಗ್ಗೆ ಏಳಕ್ಕೆ ಗೇಟು

ಉದ್ಯಾನ ದಿನದ 24 ಗಂಟೆಯೂ ತೆರೆದಿರುತ್ತದೆ, ವರ್ಷದ ಎಲ್ಲ ದಿನವೂ. ಒಂದು ಕಾರಿಗೆ 30 ಡಾಲರ್, ಒಳಗೆ ಎಷ್ಟು ಜನರಿದ್ದರೂ ಅಷ್ಟೇ, ಏಳು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಕೈಯಲ್ಲಿರಲಿ. ಹಳೆಯ ವಿಸಿಟರ್ ಸೆಂಟರನ್ನು 2025ರ ಮಾರ್ಚ್‌ನಲ್ಲಿ ನವೀಕರಣಕ್ಕೆಂದು ಮುಚ್ಚಿ, ಸ್ವಾಗತ ಕೇಂದ್ರವನ್ನು ಒಳಗಿನ ಕಿಲವೇಯ ಮಿಲಿಟರಿ ಕ್ಯಾಂಪಿಗೆ ಸಾಗಿಸಿದರು. ನೀವು ಹೋಗುವ ಹೊತ್ತಿಗೆ ಎಲ್ಲಿದೆ ನೋಡಿಕೊಂಡು ಅಲ್ಲಿನ ರೇಂಜರ್ ಹತ್ತಿರ ಎರಡು ನಿಮಿಷ ಮಾತಾಡಿ. ಯಾವ ದಾರಿ ಮುಚ್ಚಿದೆ, ಹೊಗೆ ಯಾವ ಕಡೆ ಬೀಸುತ್ತಿದೆ ಎಂಬುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಗೇಟಿನಿಂದ ನೇರ ಕಿಲವೇಯ ಇಕಿ ಎಂಬ ಕುಳಿಯ ಪಾರ್ಕಿಂಗಿಗೆ ಹೋಗಿ ಕಾರು ನಿಲ್ಲಿಸಿಬಿಡಿ. ಮಧ್ಯಾಹ್ನದವರೆಗೆ ಕಾರು ತೆಗೆಯುವ ಕೆಲಸವಿಲ್ಲ. ಅಲ್ಲಿಂದ ಕುಳಿಯ ಅಂಚಿನಲ್ಲೇ ಅರ್ಧ ಮೈಲಿ ನಡೆದರೆ ನಾಹುಕು, ಅಂದರೆ ಥರ್ಸ್ಟನ್ ಲಾವಾ ಸುರಂಗ. ಸುರಂಗದ ಎದುರಿನ ಪಾರ್ಕಿಂಗ್ ಅಂಗೈ ಅಗಲದ್ದು, ಒಂಬತ್ತರ ಮೇಲೆ ಅಲ್ಲಿ ಜಾಗ ಹುಡುಕುವುದು ಗಾಂಧಿಬಜಾರಿನಲ್ಲಿ ಹಬ್ಬದ ಹಿಂದಿನ ದಿನ ಕಾರು ನಿಲ್ಲಿಸಿದ ಹಾಗೆ. ನಾನು ಮೊದಲ ಸಲ ಸುತ್ತು ಹೊಡೆದದ್ದು ಇಲ್ಲೇ.

ಸುರಂಗಕ್ಕೆ ಸುಮಾರು 500 ವರ್ಷ. ಲಾವಾ ಹೊಳೆಯಾಗಿ ಹರಿಯುವಾಗ ಮೇಲ್ಮೈ ಗಾಳಿಗೆ ಆರಿ ಚಪ್ಪರವಾಗುತ್ತದೆ, ಒಳಗಿನದು ಬಿಸಿಯಾಗೇ ಹರಿಯುತ್ತಿರುತ್ತದೆ. ಮೂಲದಲ್ಲಿ ಪೂರೈಕೆ ನಿಂತಾಗ ಒಳಗಿದ್ದದ್ದು ಬಸಿದುಹೋಗಿ ಖಾಲಿ ಕೊಳವೆ ಉಳಿಯುತ್ತದೆ. ಒಳಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ದೀಪವಿರುತ್ತದೆ, ಆದರೂ ಟಾರ್ಚು ಹಿಡಿದುಕೊಳ್ಳಿ. ನೆಲದಲ್ಲಿ ನೀರು ನಿಂತಿರುತ್ತದೆ, ಛಾವಣಿ ತೊಟ್ಟಿಕ್ಕುತ್ತದೆ. ಬಾಯಲ್ಲಿ ಆಳೆತ್ತರದ ಮರ ಜರೀಗಿಡಗಳು. ಇಪ್ಪತ್ತು ನಿಮಿಷದ ಕೆಲಸ. ಎಂಟಕ್ಕೆ ನಾವು ಹೋದಾಗ ಒಳಗಿದ್ದವರು ನಾವೇ, ನನ್ನ ಮಗಳು ಕೂಗಿ ಕೂಗಿ ಪ್ರತಿಧ್ವನಿ ಕೇಳಿದಳು. ಹೊರಬರುವಾಗ ಒಂದು ಬಸ್ಸು ಪೂರ್ತಿ ಖಾಲಿಯಾಗುತ್ತಿತ್ತು.

ಎಂಟೂವರೆಗೆ ಕುಳಿಯ ತಳಕ್ಕೆ

ದಿನದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಕಿಲವೇಯ ಇಕಿ ಸುತ್ತು ದಾರಿ 5.3 ಕಿಲೋಮೀಟರ್, ಸುಮಾರು 120 ಮೀಟರ್ ಇಳಿದು ಮತ್ತೆ ಹತ್ತಬೇಕು. ಎರಡರಿಂದ ಮೂರು ಗಂಟೆ. ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಿ. ಮೊದಲು ಅಂಚಿನ ಕಾಡಿನಲ್ಲಿ ನಡೆದು, ಮೇಲಿಂದ ಕುಳಿಯನ್ನು ಕಣ್ತುಂಬಾ ನೋಡಿ, ಆಮೇಲೆ ಇಳಿಯುವುದು ಚೆಂದ.

ದಾರಿಯ ಬಾಯಲ್ಲಿ ಬೂಟು ಉಜ್ಜುವ ಬ್ರಷ್ ಇರುತ್ತದೆ. ಸಂಕೋಚ ಬಿಟ್ಟು ತಳ ಪೂರ್ತಿ ಉಜ್ಜಿ. ಇಲ್ಲಿನ ಓಹಿಯ ಮರಗಳನ್ನು ಒಂದು ಶಿಲೀಂಧ್ರ ರೋಗ ಒಣಗಿಸುತ್ತಿದೆ, ಅದು ಮಣ್ಣಿನ ಜೊತೆ ಬೂಟಿಗಂಟಿ ಕಾಡಿನಿಂದ ಕಾಡಿಗೆ ಹೋಗುತ್ತದೆ. ಆರಿದ ಲಾವಾದ ಬಿರುಕಿನಲ್ಲಿ ಮೊದಲು ಬೇರು ಬಿಡುವ ಮರ ಅದೇ. ಕುಂಚದಂಥ ಅದರ ಕೆಂಪು ಹೂವಿಗೆ ಲೆಹೂವ ಎಂದು ಹೆಸರು. ಕಿತ್ತರೆ ಮಳೆ ಬರುತ್ತದೆ ಎಂದು ಅಲ್ಲಿಯವರ ನಂಬಿಕೆ. ನಾವು ಕೀಳಲಿಲ್ಲ, ಮಳೆ ಹೇಗೂ ಬಂತು.

ಕಾಡಿನ ದಾರಿ ಕೊನೆಯ ತಿರುವು ಇಳಿದು ಮುಗಿಯುತ್ತಲೇ ಹಸಿರು ನಿಂತುಬಿಡುತ್ತದೆ. ಎದುರಿಗೆ ಮೈಲಿಯುದ್ದದ ಕಪ್ಪು ಬಯಲು. 1959ರ ನವೆಂಬರ್ 14ರಂದು ಈ ಕುಳಿಯ ಗೋಡೆ ಸೀಳಿ ಲಾವಾ ಚಿಮ್ಮತೊಡಗಿತು. 36 ದಿನ, ಬಿಟ್ಟು ಬಿಟ್ಟು. ಒಂದು ಸಲ ಕಾರಂಜಿ 580 ಮೀಟರ್ ಎತ್ತರಕ್ಕೇರಿತು. ನಮ್ಮ ಗೋಳಗುಮ್ಮಟದ ಎತ್ತರ 51 ಮೀಟರ್, ಹಾಗೆ ಹನ್ನೊಂದು ಗುಮ್ಮಟ ಒಂದರ ಮೇಲೊಂದು ಇಟ್ಟು ಲೆಕ್ಕ ಹಾಕಿ. ಕುಳಿ 120 ಮೀಟರಿಗೂ ಹೆಚ್ಚು ಆಳದ ಲಾವಾ ಕೆರೆಯಾಯಿತು. ಮೇಲೆ ಕೆನೆಗಟ್ಟಿದರೂ ಒಳಗೆ ದಶಕಗಳ ಕಾಲ ಕರಗಿಯೇ ಇತ್ತು. ವಿಜ್ಞಾನಿಗಳು ಮೇಲಿಂದ ರಂಧ್ರ ಕೊರೆದು ಒಳಗಿನ ಬಿಸಿ ಅಳೆಯುತ್ತಾ ಬಂದರು. ತಳದವರೆಗೆ ಗಟ್ಟಿಯಾದದ್ದು 1990ರ ದಶಕದ ನಡುಭಾಗದಲ್ಲಿ ಎಂದು ಅಂದಾಜು. ನೀವು ನಡೆಯುತ್ತಿರುವುದು ಆ ಕೆರೆಯ ಕೆನೆಯ ಮೇಲೆ.

ಇಲ್ಲಿ ಓಡಬೇಡಿ. ಕೂತು ಒಂದು ಕಲ್ಲನ್ನು ಹತ್ತಿರದಿಂದ ನೋಡಿ. ದೂರದಿಂದ ಡಾಂಬರಿನಂತೆ ಕಾಣುವುದು ಹತ್ತಿರದಿಂದ ಜೇನುಗೂಡು, ಅನಿಲ ಹೊರಬಂದ ಗುಳ್ಳೆಗಳ ತೂತುಗಳು. ಬಿಸಿಲು ಓರೆಯಾಗಿ ಬಿದ್ದರೆ ಕಪ್ಪಿನ ನಡುವೆ ಹೆಸರುಕಾಳಿನ ನುಚ್ಚಿನಂಥ ಹಸಿರು ಹರಳು ಮಿನುಗುತ್ತದೆ. ಅದು ಆಲಿವೀನ್ ಎಂಬ ಖನಿಜ, 1959ರ ಲಾವಾದಲ್ಲಿ ಅದು ಧಾರಾಳವಾಗಿದೆ. ನೆಲದ ಬಿರುಕುಗಳಿಂದ ಹಬೆ ಏಳುತ್ತಿರುತ್ತದೆ, ಮಳೆನೀರು ಒಳಗಿನ ಬಿಸಿ ಕಲ್ಲಿಗೆ ಇಳಿದು ಹಿಂದಿರುಗಿ ಬಂದದ್ದು. ಅಂಗೈ ಒಡ್ಡಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಬೆಚ್ಚಗೆ. ತೀರಾ ಹತ್ತಿರ ಹಿಡಿಯಬೇಡಿ, ಸುಡುತ್ತದೆ.

ಅಪ್ಪ ಜೀವನವಿಡೀ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ದುಡಿದವನು. ಕುಳಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ತಮ್ಮಾ, ನಮ್ಮ ಬಾವಿ ತೋಡೂ ಮುಂದ ಬಂದಿತ್ತಲ್ಲ, ಆ ಕರಿಕಲ್ಲು ಇದರಂಗ ಇತ್ತೋ" ಅಂದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಮಾತು ಸರಿಯಾಗಿತ್ತು. ಎರಡೂ ಬಸಾಲ್ಟ್, ಲಾವಾ ಆರಿ ಆದ ಕರಿಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನ ಮೇಲೆ ಪದರ ಪದರವಾಗಿ ಹರಿದ ಲಾವಾ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆಗೂ ಹಬ್ಬಿತು. ಗೋಳಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಿಂದ. ಅದು ಶಿಥಿಲವಾಗಿ ಮಣ್ಣಾದದ್ದೇ ನಮ್ಮ ಎರಿ, ಡೋಣಿ ಹೊಳೆಯ ಸಾಲಿನ ಬಿಳಿಜೋಳದ ಹೊಲ. ಹವಾಯಿಯ ಕೆಳಗೆ ಭೂಮಿಯ ಆಳದಿಂದ ಬಿಸಿ ಏಳುವ ಒಂದು ತಾಣವಿದೆ, ಮೇಲಿನ ಪೆಸಿಫಿಕ್ ಪದರ ಸರಿಯುತ್ತಾ ಹೋದಂತೆ ಸಾಲಾಗಿ ದ್ವೀಪಗಳು ಹುಟ್ಟಿದವು. ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿರುವ ಅಂಥದೇ ಬಿಸಿ ತಾಣದ ಮೇಲೆ ಭಾರತ ಹಾದುಹೋದಾಗ ದಖನ್ನಿನ ಲಾವಾ ಹೊರಬಂತೆಂದು ಬಹುಪಾಲು ಭೂವಿಜ್ಞಾನಿಗಳ ವಿವರಣೆ. ಉತ್ತರ ಕರ್ನಾಟಕದವರು ಈ ಕುಳಿಯಲ್ಲಿ ನಿಂತರೆ ತಮ್ಮ ಹೊಲದ ಬಾಲ್ಯದ ಫೋಟೊ ನೋಡಿದ ಹಾಗೆ.

ದಾರಿ ತೋರಿಸಲು ಕಲ್ಲಿನ ಮೇಲೆ ಕಲ್ಲಿಟ್ಟ ಗುಪ್ಪೆಗಳಿವೆ. ಮಂಜು ಬಿದ್ದಾಗ ಅವೇ ಗತಿ. ಆಟಕ್ಕೆಂದು ನೀವೂ ಒಂದು ಗುಪ್ಪೆ ಕಟ್ಟಬೇಡಿ, ಹಿಂದೆ ಬರುವವರು ದಾರಿ ತಪ್ಪುತ್ತಾರೆ.

ಮಂಡಿ ನೋವಿರುವವರು ಈ ಕುಳಿಗೆ ಇಳಿಯುವುದು ಬೇಡ, ಹತ್ತುವಾಗ ಮೆಟ್ಟಿಲು ಮೆಟ್ಟಿಲಿನ ಏರು. ಅವ್ವ, ನನ್ನ ಹೆಂಡತಿ ಇಬ್ಬರೂ ಅಷ್ಟು ಹೊತ್ತು ಡೆವಸ್ಟೇಷನ್ ಟ್ರೇಲ್‌ನಲ್ಲಿ ಅಡ್ಡಾಡಿದರು. ಸಪಾಟು, ಟಾರು ಹಾಕಿದ ದಾರಿ, ಹೋಗಿ ಬರಲು ಒಂದು ಮೈಲಿ. 1959ರಲ್ಲಿ ಸುರಿದ ಬೂದಿ, ಕಲ್ಲುಚೂರುಗಳಡಿ ಹೂತುಹೋದ ಕಾಡಿನಲ್ಲಿ ಗಿಡಗಳು ಮತ್ತೆ ಚಿಗುರುತ್ತಿರುವುದನ್ನು ಅಲ್ಲಿ ನೋಡಬಹುದು. ಹೀಗೆ ಬೇರೆಯಾಗುವುದಾದರೆ ಎಲ್ಲಿ, ಎಷ್ಟು ಗಂಟೆಗೆ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಫೋನ್ ಸಿಗ್ನಲ್ಲಿನ ಮೇಲೆ ಭರವಸೆ ಇಡುವಂತಿಲ್ಲ.

ಮಧ್ಯಾಹ್ನ: ಕಡಲಿಗೆ ಇಳಿಯುವ ರಸ್ತೆ

ಹನ್ನೆರಡರ ಹೊತ್ತಿಗೆ ಮೇಲೆ ಜನ ತುಂಬುತ್ತಾರೆ, ಮೋಡವೂ ಕೂಡುತ್ತದೆ. ಆಗ ಕೆಳಗಿಳಿಯಿರಿ. ನೀರಿನ ಬಾಟಲಿಗಳನ್ನು ಮೇಲೆಯೇ ತುಂಬಿಸಿಕೊಳ್ಳಿ, ಕೆಳಗೆ ನೀರಿಲ್ಲ, ಅಂಗಡಿಯಿಲ್ಲ. ಚೈನ್ ಆಫ್ ಕ್ರೇಟರ್ಸ್ ರಸ್ತೆ 30 ಕಿಲೋಮೀಟರಿನಲ್ಲಿ 1,100 ಮೀಟರಿಗೂ ಹೆಚ್ಚು ಇಳಿಯುತ್ತದೆ. ಮೊದಲ ಭಾಗದಲ್ಲಿ ಸಣ್ಣಪುಟ್ಟ ಕುಳಿಗಳು, ಎಲ್ಲದಕ್ಕೂ ಇಳಿಯುತ್ತಾ ಕೂತರೆ ಸಂಜೆಯಾಗುತ್ತದೆ. ಒಂದೆರಡು ನೋಡಿ ಮುಂದೆ ಹೋಗಿ.

ಮೌನಾ ಉಲು ಎಂಬ ಲಾವಾ ದಿಬ್ಬ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಲಾವಾ ಬಯಲು. 1969ರಿಂದ 1974ರವರೆಗೆ ಹರಿದದ್ದು ಇದು, ಆಗಿನ ರಸ್ತೆಯನ್ನೇ ನುಂಗಿತ್ತು. ಇಲ್ಲಿ ಎರಡು ಜಾತಿಯ ಲಾವಾ ಅಕ್ಕಪಕ್ಕ ಕಾಣುತ್ತದೆ. ಒಂದು ಹಗ್ಗ ಸುತ್ತಿಟ್ಟಂತೆ, ಕೆನೆ ಮಡಿಚಿಕೊಂಡಂತೆ ನುಣುಪು, ಅದಕ್ಕೆ ಪಾಹೋಯ್‌ಹೋಯ್ ಎನ್ನುತ್ತಾರೆ. ಇನ್ನೊಂದು ಉತ್ತ ಹೊಲದ ಹೆಂಟೆಯಂತೆ ಚೂಪು ಚೂಪು, ಅದರ ಹೆಸರು 'ಅಆ'. ಹೌದು, ನಮ್ಮ ವರ್ಣಮಾಲೆಯ ಮೊದಲೆರಡು ಅಕ್ಷರವೇ. ಬರಿಗಾಲಲ್ಲಿ ಅದರ ಮೇಲೆ ನಿಂತರೆ ಬಾಯಲ್ಲಿ ಬರುವುದೂ ಅದೇ ಎಂದು ಮಗಳು ಕಂಡುಹಿಡಿದಳು. ಈ ಎರಡೂ ಹವಾಯಿ ಮಾತುಗಳನ್ನು ಜಗತ್ತಿನ ಭೂವಿಜ್ಞಾನಿಗಳೆಲ್ಲ ಹಾಗೆಯೇ ಬಳಸುತ್ತಾರೆ.

ಊಟಕ್ಕೆ ಕೆಯಾಲಾಕೊಮೊ ಎಂಬ ತಿರುವಿನಲ್ಲಿ ನಿಲ್ಲಿಸಿ. ಮೇಲೆ ಸೂರು, ಕೂರಲು ಮೇಜು, ಎದುರಿಗೆ ಕಪ್ಪು ಇಳಿಜಾರು ಹೋಗಿ ನೀಲಿ ಸಮುದ್ರ ಮುಟ್ಟುವುದು ಪೂರ್ತಿ ಕಾಣುತ್ತದೆ. ಗಾಳಿ ಮಾತ್ರ ವಿಪರೀತ, ಚಟ್ನಿಪುಡಿಯ ಡಬ್ಬಿ ತೆರೆಯುವಾಗ ಗಾಳಿಗೆ ಬೆನ್ನು ಕೊಡಿ. ನಾವು ಕಲಿತ ಪಾಠ.

ಇನ್ನೂ ಕೆಳಗೆ ಪುಉ ಲೋವಾ. ಬಯಲಲ್ಲಿ ಒಂದು ಕಿಲೋಮೀಟರ್ ಚಿಲ್ಲರೆ ನಡೆದರೆ ಲಾವಾದ ಮೇಲೆ ಹವಾಯಿಯ ಪೂರ್ವಿಕರು ಕೆತ್ತಿದ ಗುರುತುಗಳು, 23,000ಕ್ಕೂ ಹೆಚ್ಚು. ಸುತ್ತಲೂ ಹಲಗೆ ದಾರಿಯಿದೆ, ಅದರಿಂದ ಕೆಳಗಿಳಿಯುವಂತಿಲ್ಲ. ಬಹುಪಾಲು ಗುರುತುಗಳು ಬಟ್ಟಲಿನಂಥ ಸಣ್ಣ ಗುಣಿಗಳು. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ತುಣುಕನ್ನು ಗುಣಿಯಲ್ಲಿಟ್ಟು, ಆಯುಷ್ಯ ಗಟ್ಟಿಯಾಗಲಿ ಎಂದು ಹರಸುತ್ತಿದ್ದರು. ಇದನ್ನು ಹೇಳಿದಾಗ ಅವ್ವ ಅಷ್ಟು ಹೊತ್ತಿನ ದಣಿವು ಮರೆತು ಕಂಬಿ ಹಿಡಿದು ಬಗ್ಗಿ ನೋಡಿದಳು. "ನಿಂದು ನಾ ತಾಯತದಾಗ ಹಾಕಿ ಕಟ್ಟಿದ್ದೆ. ಇವರು ಕಲ್ಲಾಗ ಇಟ್ಟಾರ. ಅಷ್ಟ ಫರಕು" ಅಂದಳು. ಅವಳಿಗೆ ಆ ದಿನ ಹಿಡಿಸಿದ ಜಾಗ ಇದೊಂದೇ ಇರಬೇಕು. ಬಿಸಿಲಿಗೆ ಒಂದು ಚೂರೂ ನೆರಳಿಲ್ಲ, ಟೋಪಿ ಬಿಟ್ಟು ಹೋಗಬೇಡಿ.

ರಸ್ತೆಯ ಕೊನೆಯಲ್ಲಿ ಶೌಚಾಲಯವಿದೆ, ಸ್ವಲ್ಪ ನಡೆದರೆ ಸೀ ಆರ್ಚ್, ಸಮುದ್ರ ಕೊರೆದು ಉಳಿಸಿದ 27 ಮೀಟರ್ ಎತ್ತರದ ಕಲ್ಲಿನ ಕಮಾನು. ಅಂಚಿನ ಬಂಡೆ ಕೆಳಗೆ ಟೊಳ್ಳಾಗಿರುತ್ತದೆ, ಫೋಟೊಗಾಗಿ ಹಗ್ಗ ದಾಟಬೇಡಿ. ಹಿಂದೆ ಈ ರಸ್ತೆ ತೀರದುದ್ದಕ್ಕೂ ಕಲಪನಾ ಊರಿನ ಕಡೆ ಹೋಗುತ್ತಿತ್ತು. ಲಾವಾ ಬಂದು ಮುಚ್ಚಿತು. ಈಗ ಬಂದ ದಾರಿಯಲ್ಲೇ ಹಿಂದಿರುಗಬೇಕು. ಊಟ ಸೇರಿ ಇಡೀ ಇಳಿದು ಏರಲು ಮೂರೂವರೆ ಗಂಟೆ ಇಟ್ಟುಕೊಳ್ಳಿ.

ದಾರಿಯಲ್ಲಿ ನೇನೇ ಎಂಬ ಹೆಬ್ಬಾತು ಅಡ್ಡ ಬರುತ್ತದೆ. 1950ರ ಹೊತ್ತಿಗೆ ಕೇವಲ ಮೂವತ್ತರಷ್ಟು ಉಳಿದಿದ್ದ ಹಕ್ಕಿ, ಸಾಕಿ ಬಿಟ್ಟು ಮತ್ತೆ ಬೆಳೆಸಿದ್ದಾರೆ. ಕಾರಿನಡಿ ಸಿಕ್ಕು ಸಾಯುವುದೇ ಅದಕ್ಕೆ ಈಗಿನ ದೊಡ್ಡ ಗಂಡಾಂತರಗಳಲ್ಲಿ ಒಂದು. ನಿಧಾನ ಓಡಿಸಿ, ರೊಟ್ಟಿ ಚೂರು ಹಾಕಬೇಡಿ. ತಿನಿಸು ಹಾಕಿದರೆ ಅದು ಕಾರು ಕಂಡ ಕಡೆ ಓಡಿ ಬರುವುದನ್ನು ಕಲಿಯುತ್ತದೆ.

ಸಂಜೆ: ಹಬೆ, ಗಂಧಕ, ದೊಡ್ಡ ಕುಳಿ

ನಾಲ್ಕೂವರೆಗೆ ಮೇಲೆ ಬಂದರೆ ಬೆಳಗಿನ ಜನರೆಲ್ಲ ಹೋಗಿರುತ್ತಾರೆ. ಸ್ವೆಟರ್ ಮತ್ತೆ ಹೊರಗೆ ಬರಲಿ. ಸ್ಟೀಮ್ ವೆಂಟ್ಸ್ ಹತ್ತಿರ ಕಾರು ನಿಲ್ಲಿಸಿದ ಜಾಗದಲ್ಲೇ ನೆಲದಿಂದ ಹಬೆ ಏಳುತ್ತದೆ. ಚಳಿ ಹೆಚ್ಚಿದಷ್ಟೂ ಹಬೆ ದಟ್ಟ, ಆದ್ದರಿಂದ ಸಂಜೆಯೇ ಸರಿ. ಪಕ್ಕದಲ್ಲೇ ಗಂಧಕದ ದಿಬ್ಬ, ಕಲ್ಲಿನ ಮೇಲೆ ಅರಿಸಿನ ಬಳಿದಂತೆ ಹಳದಿ ಹರಳು, ಕೊಳೆತ ಮೊಟ್ಟೆಯ ವಾಸನೆ. ದಮ್ಮಿನವರು ಇದನ್ನು ಬಿಟ್ಟುಬಿಡಿ. ಅವ್ವ ಕಾರಲ್ಲೇ ಕೂತಳು.

ಅಲ್ಲಿಂದ ವೇಕಹೂನ ಎಂಬ ಎತ್ತರದ ಜಾಗಕ್ಕೆ ಹೋಗಿ. ಇಲ್ಲಿದ್ದ ಹಳೆಯ ಮ್ಯೂಸಿಯಂ ಕಟ್ಟಡ 2018ರ ಭೂಕಂಪಗಳಲ್ಲಿ ಹಾಳಾಗಿ, ಆಮೇಲೆ ಅದನ್ನು ಕೆಡವಿದರು. ಆ ವರ್ಷ ಕೆಳಗಿನ ಊರುಗಳ ಕಡೆ ಲಾವಾ ಹರಿದು 700ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಮೇಲಿನ ಲಾವಾ ಬರಿದಾದಂತೆ ಇಲ್ಲಿ ಎದುರಿಗೇ ಕಾಣುವ ಹಲೆಮಉಮಉ ಕುಳಿಯ ನೆಲ ಕುಸಿಯುತ್ತಾ 500 ಮೀಟರಿನಷ್ಟು ಆಳಕ್ಕಿಳಿಯಿತು. ಉದ್ಯಾನ 134 ದಿನ ಮುಚ್ಚಿತ್ತು. 2019ರಲ್ಲಿ ಆ ಗುಂಡಿಯಲ್ಲಿ ನೀರು ಕಾಣಿಸಿಕೊಂಡು ಕೆರೆಯಾಯಿತು, 2020ರ ಡಿಸೆಂಬರ್ 20ರ ರಾತ್ರಿ ಲಾವಾ ಬಂದು ಆ ಕೆರೆಯನ್ನು ಕುದಿಸಿ ಆವಿ ಮಾಡಿತು. ಅಂಚಿನಲ್ಲಿ ನಿಂತು ಇದನ್ನೆಲ್ಲ ಮಕ್ಕಳಿಗೆ ಹೇಳಿ. ಹೇಳದಿದ್ದರೆ ಅವರಿಗೆ ಕಾಣುವುದು ದೊಡ್ಡದೊಂದು ಗುಂಡಿ.

ಹವಾಯಿ ಜನರಿಗೆ ಇದು ಪೆಲೆ ದೇವಿಯ ಮನೆ. ನಮ್ಮವರಿಗೆ ಇಲ್ಲಿ ಎರಡು ಆಸೆ ಹುಟ್ಟುತ್ತದೆ. ಒಂದು, ಕಾಯಿ ಒಡೆದು ಹೂ ಏರಿಸೋಣ ಎಂದು. ಬೇಡ, ಅಲ್ಲಿಟ್ಟ ತಿನಿಸಿಗೆ ಇಲಿ ಹೆಗ್ಗಣ ಬರುತ್ತವೆ, ಕೈ ಮುಗಿದರೆ ಸಾಕು. ಇನ್ನೊಂದು, ನೆನಪಿಗೆಂದು ಒಂದು ಕಲ್ಲು ಜೇಬಿಗಿಳಿಸುವುದು. ರಾಷ್ಟ್ರೀಯ ಉದ್ಯಾನದ ಕಲ್ಲು ಒಯ್ಯುವುದು ಕಾನೂನಿಗೆ ವಿರುದ್ಧ. ಒಯ್ದವರಿಗೆ ದೇವಿಯ ಶಾಪ ತಟ್ಟುತ್ತದೆಂಬ ಮಾತೂ ಇದೆ, ಹೆದರಿ ಅಂಚೆಯಲ್ಲಿ ಕಲ್ಲು ವಾಪಸ್ ಕಳಿಸುವವರೂ ಇದ್ದಾರೆ. ಕಲ್ಲಿನ ಸಂದಿಯಲ್ಲಿ ಬಂಗಾರದ ಬಣ್ಣದ ಕೂದಲು ಕಂಡರೆ ಅದು 'ಪೆಲೆಯ ಕೂದಲು', ಕಾರಂಜಿಯಲ್ಲಿ ಎಳೆಎಳೆಯಾದ ಗಾಜು. ಮುಟ್ಟಬೇಡಿ, ಮುಳ್ಳಿನಂತೆ ಚರ್ಮಕ್ಕೆ ಇಳಿಯುತ್ತದೆ. ಮಕ್ಕಳು ಆ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕೆಟ್ಟಿತು.

ಲಾವಾ ಚಿಮ್ಮುತ್ತಿರುವ ದಿನವಾದರೆ ಕತ್ತಲಿಗೆ ಕಾಯಲೇಬೇಕು. ಗಾಳಿ ನೋಡಿ ಜಾಗ ಆರಿಸಿ, ಹೊಗೆ, ಬೂದಿ ನಿಮ್ಮ ಕಡೆ ಬರುವ ಅಂಚಿಗೆ ಹೋಗಬೇಡಿ. ಕೆಯಾನಕಾಕೊಯಿ ಎಂಬ ಜಾಗದಿಂದಲೂ ಚೆನ್ನಾಗಿ ಕಾಣುತ್ತದೆ, ಡೆವಸ್ಟೇಷನ್ ಟ್ರೇಲಿನ ಪಾರ್ಕಿಂಗಿನಿಂದ ಒಂದು ಮೈಲಿ ಹಳೆಯ ರಸ್ತೆಯಲ್ಲಿ ನಡೆಯಬೇಕು. ಟಾರ್ಚು ಬೇಕೇ ಬೇಕು. ಅಂಥ ರಾತ್ರಿ ಪಾರ್ಕಿಂಗ್ ಸಿಗದೆ ಗೇಟಿನಾಚೆವರೆಗೆ ಕಾರು ನಿಂತಿರುತ್ತವೆ, ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆಯೇ ಜಾಗ ಹಿಡಿಯಿರಿ.

ನಮಗೆ ಆ ದಿನ ಕಾರಂಜಿ ಇರಲಿಲ್ಲ. ಏಳರ ಹೊತ್ತಿಗೆ ಕುಳಿಯ ಒಂದು ಮೂಲೆಯಲ್ಲಿ ಒಲೆಯ ಕೆಂಡ ಬೂದಿಯೊಳಗಿಂದ ಇಣುಕುವಂತೆ ಕೆಂಪು ಬೆಳಕು ಕಂಡಿತು, ಮಂಜು ಬಂದು ಮುಚ್ಚಿತು, ಮತ್ತೆ ತೆರೆಯಿತು. ಅಷ್ಟೇ. ಮಗಳು ಹದಿನೈದು ನಿಮಿಷ ಎಣಿಸಿ ನಾಲ್ಕು ಸಲ ಕಂಡಿತೆಂದು ಲೆಕ್ಕ ಕೊಟ್ಟಳು.

ಹಿಲೋಗೆ ಇಳಿಯುವ ದಾರಿಯಲ್ಲಿ ರಾತ್ರಿ ಮಳೆ, ಮಂಜು ಎರಡೂ ಇರುತ್ತದೆ. ನಿದ್ದೆಗಣ್ಣಲ್ಲಿ ಓಡಿಸಬೇಡಿ, ಒಂದು ಚಹಾ ಕುಡಿದು ಹೊರಡಿ. ಹೊರಡುವ ಮುಂಚೆ ಪಾರ್ಕಿಂಗಿನಲ್ಲೇ ಎಲ್ಲರ ಬೂಟು ಕೊಡವಿ, ಮಣ್ಣು ಇಲ್ಲಿಯದು ಇಲ್ಲೇ ಉಳಿಯಲಿ. ಅಪ್ಪನ ಬೂಟಿನ ತಳದ ಗೆರೆಯಲ್ಲಿ ಕಡಲೆ ಗಾತ್ರದ ಕರಿ ಕಲ್ಲೊಂದು ಸಿಕ್ಕಿಕೊಂಡಿತ್ತು. ಫೋನಿನ ಬೆಳಕಲ್ಲಿ, ಕಡ್ಡಿಯಿಂದ ಅದನ್ನು ಎಬ್ಬಿಸಿ ತೆಗೆದು, ಅಂಗೈಯಲ್ಲಿಟ್ಟು ಒಮ್ಮೆ ನೋಡಿ, ರಸ್ತೆಯಂಚಿನ ಆ ಬದಿಗೆ ಇಟ್ಟು ಬಂದು ಕಾರು ಹತ್ತಿದ.